ಮ್ಯಾಮೊಗ್ರಫಿಯಲ್ಲಿ ವಿಕಿರಣ ಪ್ರಮಾಣದ ಅಂದಾಜು

ಸ್ತನದ ಎಕ್ಸ್-ರೇ ತಪಾಸಣೆಯ ವೇಳೆ ಸ್ತನದೊಳಗಿನ ಗ್ರಂಥಿ ಅಂಗಾಂಶ ಹೀರಿಕೊಳ್ಳುವ ವಿಕಿರಣವನ್ನು ಲೆಕ್ಕ ಹಾಕುವ ವಿಧಾನ. ಲೆಕ್ಕದ ಫಲವನ್ನು ಸರಾಸರಿ ಗ್ರಂಥಿ ಪ್ರಮಾಣ ಎನ್ನುತ್ತಾರೆ. ಅದರ ಏಕಮಾನ ಮಿಲಿಗ್ರೇ. ಒಂದು ಕಿಲೋಗ್ರಾಂ ದ್ರವ್ಯ ಒಂದು ಜೂಲ್ ಶಕ್ತಿಯನ್ನು ಹೀರಿದರೆ ಅದು ಒಂದು ಗ್ರೇ, ಅದರ ಸಾವಿರದಲ್ಲೊಂದು ಭಾಗ ಮಿಲಿಗ್ರೇ. ಇಂದಿನ ಡಿಜಿಟಲ್ ಯಂತ್ರಗಳಲ್ಲಿ ಒಂದು ಸ್ತನದ ಒಂದು ಚಿತ್ರಕ್ಕೆ ಇದು ಸಾಮಾನ್ಯವಾಗಿ 1ರಿಂದ 3 ಮಿಲಿಗ್ರೇಯಷ್ಟು ಬರುತ್ತದೆ. ಈ ಸಂಖ್ಯೆ ಅಳೆದು ಸಿಕ್ಕಿದ್ದಲ್ಲ. ಯಂತ್ರದಿಂದ ಹೊರಟ ಕಿರಣವನ್ನು ಅಳೆದು, ಕಂಪ್ಯೂಟರಿನಲ್ಲಿ ಕಟ್ಟಿದ ಒಂದು ಮಾದರಿ ಸ್ತನಕ್ಕೆ ಅದನ್ನು ಹೊಂದಿಸಿ ಪಡೆದದ್ದು. ಹಾಗಾಗಿ ಅದು ಯಂತ್ರದ ಗುಣವನ್ನು ಚೆನ್ನಾಗಿಯೇ ಹೇಳುತ್ತದೆ, ಅದರ ಮುಂದೆ ನಿಂತ ಮಹಿಳೆಯ ವಿಷಯವನ್ನು ಅಷ್ಟು ಚೆನ್ನಾಗಿ ಹೇಳುವುದಿಲ್ಲ. ಈ ವಿಷಯದಲ್ಲಿ ಎದ್ದಿರುವ ಗೊಂದಲಗಳಲ್ಲಿ ಹೆಚ್ಚಿನವು ಈ ಎರಡನ್ನೂ ಒಂದೆಂದು ಬಗೆದದ್ದರಿಂದ ಹುಟ್ಟಿದವು.

ಗ್ರಂಥಿ ಅಂಗಾಂಶವೇ ಏಕೆ?

ಸ್ತನ ಎಂದರೆ ಚರ್ಮ, ಕೊಬ್ಬು, ಹಾಲಿನ ಗ್ರಂಥಿ ಮತ್ತು ನಾಳಗಳು, ಅವನ್ನು ಹಿಡಿದಿಡುವ ನಾರಿನಂಥ ಅಂಗಾಂಶ. ಕ್ಯಾನ್ಸರ್ ಹುಟ್ಟುವುದು ಬಹುಮಟ್ಟಿಗೆ ನಾಳ ಮತ್ತು ಗ್ರಂಥಿಗಳ ಒಳಪದರದಲ್ಲಿ. ವಿಕಿರಣದಿಂದ ತೊಂದರೆ ಆಗುವುದಿದ್ದರೆ ಅಲ್ಲೇ ಆಗಬೇಕು. ಕೊಬ್ಬು ಎಷ್ಟು ಹೀರಿತೆಂಬುದು ಇಲ್ಲಿ ಮುಖ್ಯವಲ್ಲ. ಚರ್ಮದ ಮೇಲೆ ಬಿದ್ದದ್ದನ್ನು ಅಳೆಯುವುದು ಸುಲಭ, ಆದರೆ ಅದು ದಾರಿ ತಪ್ಪಿಸುತ್ತದೆ. ಮ್ಯಾಮೊಗ್ರಫಿಯಲ್ಲಿ ಬಳಸುವ ಕಿರಣ ಮೆದು: ಕೊಳವೆಗೆ ಕೊಡುವ ವೋಲ್ಟೇಜು ಸುಮಾರು 25ರಿಂದ 35 ಕಿಲೊವೋಲ್ಟ್ ಮಾತ್ರ, ಎದೆಯ ಸಾಮಾನ್ಯ ಎಕ್ಸ್-ರೇಗೆ ಇದರ ಮೂರು ನಾಲ್ಕು ಪಟ್ಟು ಬಳಸುವುದುಂಟು. ಮೆದು ಕಿರಣವಾದ್ದರಿಂದಲೇ ಗ್ರಂಥಿಗೂ ಕೊಬ್ಬಿಗೂ ಇರುವ ಅಲ್ಪ ವ್ಯತ್ಯಾಸ, ಸುಣ್ಣದ ಸಣ್ಣ ಕಣಗಳು ಚಿತ್ರದಲ್ಲಿ ಕಾಣುತ್ತವೆ. ಅದೇ ಕಾರಣಕ್ಕೆ ಕಿರಣ ಮೇಲ್ಪದರದಲ್ಲೇ ಬಹುಪಾಲು ಹೀರಲ್ಪಟ್ಟು, ತಳ ಮುಟ್ಟುವಷ್ಟರಲ್ಲಿ ತೀರ ಸೊರಗಿರುತ್ತದೆ. ಚರ್ಮದ ಲೆಕ್ಕ ಹಿಡಿದರೆ ಪ್ರಮಾಣ ಹಲವು ಪಟ್ಟು ಹೆಚ್ಚಾಗಿ ಕಾಣುತ್ತದೆ.

ಇತಿಹಾಸ

ಬರ್ಲಿನ್ನಿನ ಶಸ್ತ್ರವೈದ್ಯ ಆಲ್ಬರ್ಟ್ ಸಾಲೊಮನ್ 1913ರಲ್ಲಿ, ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಸುಮಾರು 3,000 ಸ್ತನಗಳ ಎಕ್ಸ್-ರೇ ತೆಗೆದು ಅಭ್ಯಾಸ ಮಾಡಿದ. ಜೀವಂತ ವ್ಯಕ್ತಿಗಳಲ್ಲಿ ಈ ಕ್ರಮ ಬಳಕೆಗೆ ಬರಲು ದಶಕಗಳೇ ಬೇಕಾದವು. ಉರುಗ್ವೆಯ ರಾವುಲ್ ಲೆಬೋರ್ನ್ ಸ್ತನವನ್ನು ಒತ್ತಿ ಹಿಡಿದು ಚಿತ್ರ ತೆಗೆಯುವುದರ ಲಾಭ ತೋರಿಸಿದ. 1960ರಲ್ಲಿ ಅಮೆರಿಕದ ಟೆಕ್ಸಾಸಿನ ರಾಬರ್ಟ್ ಈಗನ್ ಕಡಿಮೆ ವೋಲ್ಟೇಜು, ಹೆಚ್ಚು ವಿದ್ಯುತ್ ಪ್ರವಾಹ, ಕೈಗಾರಿಕೆಯಲ್ಲಿ ಬಳಸುತ್ತಿದ್ದ ನಯವಾದ ಫಿಲ್ಮ್ ಈ ಮೂರನ್ನೂ ಕೂಡಿಸಿ ಎಲ್ಲರೂ ಅನುಸರಿಸಬಹುದಾದ ಕ್ರಮ ರೂಪಿಸಿದ. ಚಿತ್ರ ಸ್ಪಷ್ಟವಾಯಿತು, ಜೊತೆಗೆ ಚರ್ಮದ ಮೇಲೆ ಬೀಳುವ ವಿಕಿರಣ ಇಂದಿನದಕ್ಕಿಂತ ಹಲವು ಪಟ್ಟು ಏರಿತು. ಆಗ ಆ ಬಗ್ಗೆ ತಲೆಕೆಡಿಸಿಕೊಂಡವರು ಕಡಿಮೆ. ಮಾಲಿಬ್ಡಿನಮ್ ಲೋಹದ ಟಾರ್ಗೆಟ್ ಇರುವ, ಸ್ತನಕ್ಕೆಂದೇ ಮಾಡಿದ ಯಂತ್ರ ಫ್ರಾನ್ಸಿನಲ್ಲಿ ಷಾರ್ಲ್ ಗ್ರೋ ಅವರ ಪ್ರಯತ್ನದಿಂದ 1960ರ ದಶಕದ ಉತ್ತರಾರ್ಧದಲ್ಲಿ ಬಂತು. 1970ರ ದಶಕದ ಆರಂಭದಲ್ಲಿ ಫಿಲ್ಮಿಗೆ ಹೊಳಪು ಪರದೆ ಜೋಡಿಸಿದ ಮೇಲೆ ಪ್ರಮಾಣ ಗಣನೀಯವಾಗಿ ಇಳಿಯಿತು.

ಪ್ರಮಾಣದ ಪ್ರಶ್ನೆ ಸಾರ್ವಜನಿಕ ಜಗಳವಾದದ್ದು 1976ರಲ್ಲಿ. ಅಮೆರಿಕದಲ್ಲಿ 1973ರಿಂದ ಸುಮಾರು 2,80,000 ಮಹಿಳೆಯರನ್ನು ಒಳಗೊಂಡ ದೊಡ್ಡ ತಪಾಸಣಾ ಕಾರ್ಯಕ್ರಮ ನಡೆಯುತ್ತಿತ್ತು. ಸಂಖ್ಯಾಶಾಸ್ತ್ರಜ್ಞ ಜಾನ್ ಬೈಲರ್, ವಿಶೇಷವಾಗಿ ಐವತ್ತು ದಾಟದವರಲ್ಲಿ, ಇದರಿಂದ ಉಳಿಯುವ ಜೀವಗಳಿಗಿಂತ ವಿಕಿರಣದ ಹಾನಿಯೇ ಹೆಚ್ಚಾದೀತೇ ಎಂದು ಬರೆದರು. ಅವರ ಆತಂಕ ಅತಿಯಾಯಿತೆಂದು ಅನೇಕರು ವಾದಿಸಿದರು. ಆದರೂ ಆ ಒಂದು ಲೇಖನ ಮಾಡಿದ ಕೆಲಸ ದೊಡ್ಡದು: ಪ್ರತಿ ಚಿತ್ರಕ್ಕೂ ಎಷ್ಟು ವಿಕಿರಣ ಬೀಳುತ್ತದೆಂದು ಹೇಳದೆ ತಪಾಸಣೆ ನಡೆಸುವ ಕಾಲ ಅಲ್ಲಿಗೆ ಮುಗಿಯಿತು. ಅಲ್ಲಿಯವರೆಗೆ ಕೆಲವರು ಚರ್ಮದ ಲೆಕ್ಕ, ಕೆಲವರು ಸ್ತನದ ನಡುಮಟ್ಟದ ಲೆಕ್ಕ ಕೊಡುತ್ತಿದ್ದರು. ಗ್ರಂಥಿಯ ಸರಾಸರಿಯೇ ಸರಿಯಾದ ಅಳತೆ ಎಂಬ ವಿಚಾರ 1970ರ ದಶಕದ ಕೊನೆಯ ಹೊತ್ತಿಗೆ ಬಲಗೊಂಡು, 1987ರಲ್ಲಿ ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗದ ಒಪ್ಪಿಗೆ ಪಡೆಯಿತು.

ಅಳತೆ ನಡೆಯುವ ಬಗೆ

ಸ್ತನದೊಳಗೆ ಅಳತೆಯ ಉಪಕರಣ ಇಡಲಾಗದು. ಆದ್ದರಿಂದ ಕೆಲಸ ಎರಡು ಭಾಗವಾಗುತ್ತದೆ: ಹೊರಗೆ ಅಳೆಯುವುದು, ಒಳಗನ್ನು ಲೆಕ್ಕ ಹಾಕುವುದು.

ಹೊರಗಿನ ಅಳತೆಯನ್ನು ವೈದ್ಯಕೀಯ ಭೌತವಿಜ್ಞಾನಿ ರೋಗಿಗಳಿಲ್ಲದ ಹೊತ್ತಿನಲ್ಲಿ ಮಾಡುತ್ತಾರೆ. ಮೊದಲು ಪರ್ಸ್ಪೆಕ್ಸ್ ಎಂದು ಪರಿಚಿತವಾದ ಪಾರದರ್ಶಕ ಪ್ಲಾಸ್ಟಿಕ್ಕಿನ ಹಲಗೆಗಳನ್ನು ಸ್ತನದ ಬದಲಿಗೆ ಇಡುತ್ತಾರೆ. ಇದಕ್ಕೆ ಫ್ಯಾಂಟಮ್ ಎಂದು ಹೆಸರು. ಬ್ರಿಟನ್ ಮತ್ತು ಯುರೋಪಿನ ಕ್ರಮದಲ್ಲಿ 45 ಮಿ.ಮೀ. ದಪ್ಪದ ಪ್ಲಾಸ್ಟಿಕ್ಕನ್ನು 53 ಮಿ.ಮೀ.ಗೆ ಒತ್ತಿದ, ನಡುಭಾಗದಲ್ಲಿ ನೂರಕ್ಕೆ 29ರಷ್ಟು ಗ್ರಂಥಿ ಇರುವ ಸ್ತನಕ್ಕೆ ಸಮಾನವೆಂದು ಹಿಡಿಯುತ್ತಾರೆ. 20 ಮಿ.ಮೀ. ಪ್ಲಾಸ್ಟಿಕ್ 21 ಮಿ.ಮೀ. ಸ್ತನಕ್ಕೆ, 70 ಮಿ.ಮೀ. ಪ್ಲಾಸ್ಟಿಕ್ 90 ಮಿ.ಮೀ. ಸ್ತನಕ್ಕೆ ಸಮ. ಯಂತ್ರವನ್ನು ಸ್ವಯಂಚಾಲಿತ ಕ್ರಮದಲ್ಲಿ ಬಿಟ್ಟರೆ, ನಿಜವಾದ ಸ್ತನವೆಂದೇ ಭಾವಿಸಿ ಅದು ವೋಲ್ಟೇಜು, ಫಿಲ್ಟರ್, ಮಿಲಿಆಂಪಿಯರ್-ಸೆಕೆಂಡುಗಳನ್ನು ತಾನೇ ಆರಿಸಿಕೊಳ್ಳುತ್ತದೆ. ಆ ಆಯ್ಕೆಯನ್ನು ಬರೆದುಕೊಳ್ಳುತ್ತಾರೆ.

ಆಮೇಲೆ ಫ್ಯಾಂಟಮ್ ತೆಗೆದು, ಅದೇ ಆಯ್ಕೆಯನ್ನು ಕೈಯಿಂದ ಕೊಟ್ಟು, ಸ್ತನದ ಮೇಲ್ಮೈ ಇರಬೇಕಾದ ಎತ್ತರಕ್ಕೆ ಸರಿಹೊಂದಿಸಿ ಗಾಳಿಯಲ್ಲಿ ಕಿರಣವನ್ನು ಅಳೆಯುತ್ತಾರೆ. ಇದಕ್ಕೆ ಬಳಸುವ ಅಯಾನೀಕರಣ ಕೋಶಕ್ಕೆ ಮ್ಯಾಮೊಗ್ರಫಿಯ ಮೆದು ಕಿರಣದಲ್ಲೇ ಮಾಪನ ಪ್ರಮಾಣೀಕರಣ ಆಗಿರಬೇಕು. ಗಟ್ಟಿ ಕಿರಣದಲ್ಲಿ ಸರಿಯಾಗಿ ಓದುವ ಉಪಕರಣ ಇಲ್ಲಿ ತಪ್ಪು ಓದಬಹುದು. ಸಿಗುವ ಮೌಲ್ಯಕ್ಕೆ ಗಾಳಿ ಕೆರ್ಮ ಎಂದು ಹೆಸರು. ಫ್ಯಾಂಟಮ್ ತೆಗೆದೇ ಅಳೆಯಬೇಕು ಎಂಬುದಕ್ಕೆ ಕಾರಣವಿದೆ: ಅದು ಅಲ್ಲಿದ್ದರೆ ಹಿಂದಕ್ಕೆ ಚದುರಿದ ಕಿರಣವೂ ಲೆಕ್ಕಕ್ಕೆ ಸೇರುತ್ತದೆ, ಆದರೆ ಮುಂದಿನ ಕೋಷ್ಟಕಗಳೆಲ್ಲ ಆ ಚದುರುವಿಕೆ ಇಲ್ಲದ ಮೌಲ್ಯಕ್ಕೆ ಮಾಡಿದವು. ಕೋಶ ಇಡುವ ಜಾಗಕ್ಕೂ ನಿಯಮವಿದೆ. ಎಕ್ಸ್-ರೇ ಕೊಳವೆಯ ರಚನೆಯಿಂದಾಗಿ ಕಿರಣದ ತೀಕ್ಷ್ಣತೆ ಎದೆಯ ಬದಿಯಲ್ಲಿ ಹೆಚ್ಚು, ಮೊಲೆತೊಟ್ಟಿನ ಬದಿಯಲ್ಲಿ ಕಡಿಮೆ. ಕೆಲವು ಸೆಂಟಿಮೀಟರ್ ಆಚೀಚೆ ಆದರೂ ಉತ್ತರ ಬದಲಾಗುತ್ತದೆ.

ಮೂರನೆಯದು ಕಿರಣದ ಗಡಸುತನ. ಕಿರಣದ ದಾರಿಯಲ್ಲಿ ಶುದ್ಧ ಅಲ್ಯೂಮಿನಿಯಮ್ಮಿನ ತೆಳು ಹಾಳೆಗಳನ್ನು ಒಂದೊಂದಾಗಿ ಸೇರಿಸುತ್ತ ಹೋಗಿ, ಕಿರಣ ಅರ್ಧಕ್ಕಿಳಿಯುವ ದಪ್ಪವನ್ನು ಕಂಡುಹಿಡಿಯುತ್ತಾರೆ. ಇದು ಅರ್ಧಮೌಲ್ಯ ಪದರ. ಹಳೆಯ ಮಾಲಿಬ್ಡಿನಮ್ ಯಂತ್ರಗಳಲ್ಲಿ ಇದು 0.3 ಮಿ.ಮೀ.ನ ಆಸುಪಾಸು, ಟಂಗ್‌ಸ್ಟನ್ ಟಾರ್ಗೆಟಿನ ಹೊಸ ಯಂತ್ರಗಳಲ್ಲಿ ಅರ್ಧ ಮಿಲಿಮೀಟರಿನ ಸುತ್ತ. ಅಲ್ಯೂಮಿನಿಯಮ್ಮಿನಲ್ಲಿ ಸ್ವಲ್ಪ ಕಲಬೆರಕೆ ಇದ್ದರೂ ಇಷ್ಟು ಸೂಕ್ಷ್ಮ ಅಳತೆ ಕೆಡುತ್ತದೆ. ಭೌತವಿಜ್ಞಾನಿಗೆ ಇಡೀ ಪರೀಕ್ಷೆಯಲ್ಲಿ ತಾಳ್ಮೆ ಬೇಡುವ ಭಾಗವೆಂದರೆ ಇದೇ.

ಪರಿವರ್ತನಾಂಕಗಳು

ಒಳಗಿನ ಲೆಕ್ಕಕ್ಕೆ ಆಧಾರ ಮಾಂಟೆ ಕಾರ್ಲೊ ವಿಧಾನ. ಯಾದೃಚ್ಛಿಕ ಸಂಖ್ಯೆಗಳ ಸಹಾಯದಿಂದ ಕಂಪ್ಯೂಟರು ಕೋಟ್ಯಂತರ ಫೋಟಾನುಗಳನ್ನು ಒಂದೊಂದಾಗಿ ಮಾದರಿ ಸ್ತನದೊಳಕ್ಕೆ ಬಿಡುತ್ತದೆ: ಯಾವುದು ಎಲ್ಲಿ ಡಿಕ್ಕಿ ಹೊಡೆಯಿತು, ಎಷ್ಟು ಶಕ್ತಿ ಬಿಟ್ಟಿತು, ಯಾವುದು ಚದುರಿತು, ಯಾವುದು ಹೊರಬಿತ್ತು ಎಂದು ಒಂದೊಂದರ ಜಾಡು ಹಿಡಿಯುತ್ತದೆ. ಕೊನೆಗೆ ಗ್ರಂಥಿ ಹೀರಿದ ಸರಾಸರಿ ಪ್ರಮಾಣಕ್ಕೂ ಮೇಲ್ಮೈಯ ಗಾಳಿ ಕೆರ್ಮಕ್ಕೂ ಇರುವ ಅನುಪಾತ ಸಿಗುತ್ತದೆ. ಲಂಡನ್ನಿನ ರಾಯಲ್ ಮಾರ್ಸ್ಡನ್ ಆಸ್ಪತ್ರೆಯ ಡೇವಿಡ್ ಡ್ಯಾನ್ಸ್ 1990ರಲ್ಲಿ ಪ್ರಕಟಿಸಿದ ಕೋಷ್ಟಕಗಳು ಬ್ರಿಟನ್ ಮತ್ತು ಯುರೋಪಿನಲ್ಲಿ ಆಧಾರವಾದವು. ಅಮೆರಿಕದಲ್ಲಿ ವೂ, ಬಾರ್ನ್ಸ್ ಮತ್ತು ಟಕರ್ 1991ರಲ್ಲಿ ಕೊಟ್ಟವು ಬಳಕೆಗೆ ಬಂದವು. ಮುಂದೆ ಜಾನ್ ಬೂನ್ ಅವನ್ನು ವಿಸ್ತರಿಸಿದರು.

ಡ್ಯಾನ್ಸ್ ಕ್ರಮದಲ್ಲಿ ಲೆಕ್ಕ ಸರಳ ಗುಣಾಕಾರ: ಗಾಳಿ ಕೆರ್ಮವನ್ನು ಜಿ, ಸಿ, ಎಸ್ ಎಂಬ ಮೂರು ಅಂಕಗಳಿಂದ ಗುಣಿಸುವುದು. ಜಿ ಎಂಬುದು ಸ್ತನದ ದಪ್ಪ ಮತ್ತು ಅರ್ಧಮೌಲ್ಯ ಪದರಕ್ಕೆ ತಕ್ಕ ಮೂಲ ಅಂಕ; ಇದರಲ್ಲಿ ಗ್ರಂಥಿ ಅರ್ಧ, ಕೊಬ್ಬು ಅರ್ಧ ಎಂದು ಹಿಡಿದಿರುತ್ತದೆ. ಸಿ ಎಂಬುದು ಆ ಅರ್ಧದಿಂದ ಆಚೀಚೆ ಇರುವ ಸ್ತನಗಳಿಗೆ ತಿದ್ದುಪಡಿ. ಎಸ್ ಟಾರ್ಗೆಟ್ ಮತ್ತು ಫಿಲ್ಟರ್ ಜೋಡಿಗೆ ಸಂಬಂಧಿಸಿದ್ದು: ಎರಡೂ ಮಾಲಿಬ್ಡಿನಮ್ ಆದರೆ 1, ಟಂಗ್‌ಸ್ಟನ್ ಮತ್ತು ರೋಡಿಯಂ ಆದರೆ 1.042. ಉದಾಹರಣೆಗೆ, 5 ಸೆಂ.ಮೀ. ದಪ್ಪದ ಸ್ತನ, ಮಾಲಿಬ್ಡಿನಮ್ ಟಾರ್ಗೆಟ್, ರೋಡಿಯಂ ಫಿಲ್ಟರ್, ಅರ್ಧಮೌಲ್ಯ ಪದರ 0.35 ಮಿ.ಮೀ. ಎಂದುಕೊಳ್ಳೋಣ. ಜಿ ಅಂಕ 0.187, ಎಸ್ 1.017, ಗ್ರಂಥಿ ಅರ್ಧಪಾಲು ಎಂದು ಸಿ 1. ಮೇಲ್ಮೈಯಲ್ಲಿ 8 ಮಿಲಿಗ್ರೇ ಕೆರ್ಮ ಸಿಕ್ಕಿದ್ದರೆ ಗ್ರಂಥಿಯ ಸರಾಸರಿ ಪ್ರಮಾಣ ಸುಮಾರು 1.5 ಮಿಲಿಗ್ರೇ. ಮೇಲೆ ಬಿದ್ದದ್ದರ ಐದರಲ್ಲೊಂದು ಪಾಲೂ ಇಲ್ಲ. ದಪ್ಪ 2 ಸೆಂ.ಮೀ. ಇದ್ದಿದ್ದರೆ ಅದೇ ಕಿರಣಕ್ಕೆ ಜಿ 0.433 ಆಗುತ್ತಿತ್ತು. ಹಾಗೆಂದು ತೆಳು ಸ್ತನಕ್ಕೆ ಪ್ರಮಾಣ ಹೆಚ್ಚೆಂದು ತಿಳಿಯಬಾರದು. ತೆಳುವಾದಷ್ಟೂ ಚಿತ್ರಕ್ಕೆ ಬೇಕಾಗುವ ಕಿರಣವೇ ಬಹಳ ಕಡಿಮೆಯಾಗುತ್ತದೆ. ಮಹಿಳೆಯರು ನೋವೆಂದು ದೂರುವ ಆ ಒತ್ತುವ ಹಲಗೆಯ ಒಂದು ಉಪಯೋಗ ಇದೇ: ಸ್ತನ ಚಪ್ಪಟೆಯಾದಷ್ಟೂ ಬೇಕಾಗುವ ವಿಕಿರಣ ಕಡಿಮೆಯಾಗುತ್ತದೆ.

ಮಾದರಿ ಸ್ತನದ ದೋಷಗಳು

ಲೆಕ್ಕದ ಗಣಿತ ಗಟ್ಟಿಯಾಗಿದೆ. ಪ್ರಶ್ನೆ ಇರುವುದು ಆ ಮಾದರಿ ಸ್ತನದ ಬಗ್ಗೆ. ಡ್ಯಾನ್ಸ್ ಮಾದರಿ ಅರ್ಧವೃತ್ತಾಕಾರದ ಒಂದು ತುಂಡು. ಸುತ್ತ 5 ಮಿ.ಮೀ. ಕೊಬ್ಬಿನ ಪದರ, ಒಳಗೆ ಗ್ರಂಥಿಯೂ ಕೊಬ್ಬೂ ಏಕರೂಪವಾಗಿ ಬೆರೆತ ಮಿಶ್ರಣ. ನಿಜವಾದ ಸ್ತನ ಹಾಗಿರುವುದಿಲ್ಲ.

ಮೊದಲನೆಯದಾಗಿ ಅರ್ಧ ಗ್ರಂಥಿ ಎಂಬ ಊಹೆ. 2009ರಲ್ಲಿ ಮಾರ್ಟಿನ್ ಯಾಫಿ ಮತ್ತು ಸಂಗಡಿಗರು ಸ್ತನದ ಸಿ.ಟಿ. ಚಿತ್ರಗಳೂ ಸೇರಿದಂತೆ ಹಲವು ಅಳತೆಗಳನ್ನು ಒಟ್ಟುಗೂಡಿಸಿ ನೋಡಿದಾಗ, ಗ್ರಂಥಿಯ ಪಾಲು ಸರಾಸರಿ ನೂರಕ್ಕೆ 20ರ ಆಸುಪಾಸಿನಲ್ಲಿತ್ತು. ಅರ್ಧಕ್ಕರ್ಧ ಸ್ತನವೆಂಬುದು ಕಟ್ಟುಕಥೆ ಎಂದೇ ಅವರು ತಮ್ಮ ಲೇಖನಕ್ಕೆ ಹೆಸರಿಟ್ಟರು. ಎರಡನೆಯದು ಚರ್ಮ: ಮಾದರಿಗಳಲ್ಲಿ 4-5 ಮಿ.ಮೀ. ಎಂದು ಹಿಡಿಯುತ್ತಿದ್ದ ಹೊರಪದರದಲ್ಲಿ ನಿಜವಾದ ಚರ್ಮ ಸರಾಸರಿ ಒಂದೂವರೆ ಮಿಲಿಮೀಟರಿನಷ್ಟೇ ಎಂದು ಸಿ.ಟಿ. ತೋರಿಸಿತು.

ಮೂರನೆಯದೇ ಎಲ್ಲಕ್ಕಿಂತ ಮುಖ್ಯ. ಗ್ರಂಥಿ ಸ್ತನದ ತುಂಬ ಸಮನಾಗಿ ಹರಡಿಲ್ಲ. ಬಹುಪಾಲು ನಡುಭಾಗದಲ್ಲಿ ಒಟ್ಟಾಗಿದೆ, ಮೇಲೂ ಕೆಳಗೂ ಕೊಬ್ಬು. ಕಿರಣ ಮೇಲಿನ ಕೊಬ್ಬಿನಲ್ಲೇ ಬಹಳಷ್ಟು ಸೊರಗಿದ ಮೇಲೆ ಗ್ರಂಥಿಯನ್ನು ತಲುಪುತ್ತದೆ. ಸಮನಾಗಿ ಬೆರೆಸಿದ ಮಾದರಿ ಇದನ್ನು ಗಮನಿಸದೆ ಪ್ರಮಾಣವನ್ನು ಸರಾಸರಿ ನೂರಕ್ಕೆ 30ರಷ್ಟು ಹೆಚ್ಚಾಗಿ ಹೇಳುತ್ತದೆ ಎಂದು 2012ರಿಂದೀಚಿನ ಅಧ್ಯಯನಗಳು ಕಂಡುಕೊಂಡವು. ಅಂದರೆ ದಶಕಗಳ ಕಾಲ ಆಸ್ಪತ್ರೆಗಳು ಬರೆದಿಟ್ಟ ಅಂಕಿಗಳು ತಪ್ಪಿದ್ದರೂ ಸುರಕ್ಷಿತ ದಿಕ್ಕಿನಲ್ಲಿ ತಪ್ಪಿವೆ. ಒಬ್ಬೊಬ್ಬರನ್ನೇ ತೆಗೆದುಕೊಂಡರೆ ಈ ಮಾತು ನಿಲ್ಲದು: ಗ್ರಂಥಿ ಮೇಲ್ಭಾಗಕ್ಕೆ ಸರಿದಿದ್ದವರಲ್ಲಿ ನಿಜ ಪ್ರಮಾಣ ಲೆಕ್ಕಕ್ಕಿಂತ ಹೆಚ್ಚಿರಲೂಬಹುದು. ಈ ದೋಷಗಳನ್ನು ಸರಿಪಡಿಸಿ ಅಮೆರಿಕ ಮತ್ತು ಯುರೋಪಿನ ವೈದ್ಯಕೀಯ ಭೌತವಿಜ್ಞಾನಿಗಳ ಸಂಘಗಳು ಜಂಟಿಯಾಗಿ ಹೊಸ ಮಾದರಿ ರೂಪಿಸಿ 2024ರಲ್ಲಿ ವರದಿ ಪ್ರಕಟಿಸಿವೆ. ಡ್ಯಾನ್ಸ್ ಮತ್ತು ಬೂನ್ ಇಬ್ಬರೂ ಅದರ ಲೇಖಕರಲ್ಲಿದ್ದಾರೆ. ತಮ್ಮ ಹಳೆಯ ಕೋಷ್ಟಕಗಳನ್ನು ತಾವೇ ಬದಲಿಸಲು ಕೂತರು ಎಂಬುದು ಮೆಚ್ಚಬೇಕಾದ ಸಂಗತಿ. ಹೊಸ ಕ್ರಮಕ್ಕೆ ಬಂದ ಕೇಂದ್ರದಲ್ಲಿ ಸಂಖ್ಯೆ ಇದ್ದಕ್ಕಿದ್ದಂತೆ ಇಳಿದರೆ ಯಂತ್ರ ಸುಧಾರಿಸಿತೆಂದು ಅರ್ಥವಲ್ಲ, ಲೆಕ್ಕ ಬದಲಾಗಿದೆ ಅಷ್ಟೆ.

ಪರದೆಯ ಮೇಲಿನ ಸಂಖ್ಯೆ

ಇಂದಿನ ಯಂತ್ರಗಳು ಪ್ರತಿ ಚಿತ್ರದ ಜೊತೆ ಪ್ರಮಾಣವನ್ನೂ ತೋರಿಸಿ ಕಡತದಲ್ಲಿ ದಾಖಲಿಸುತ್ತವೆ. ತಯಾರಕರು ಬೇರೆ ಬೇರೆ ಮಾದರಿಗಳನ್ನು ಬಳಸಿರಬಹುದು. ಒಬ್ಬರು ಡ್ಯಾನ್ಸ್, ಇನ್ನೊಬ್ಬರು ವೂ. ಹೀಗಾಗಿ ಎರಡು ಕಂಪನಿಯ ಯಂತ್ರಗಳ ಸಂಖ್ಯೆಗಳನ್ನು ನೇರವಾಗಿ ಹೋಲಿಸುವುದು ಸರಿಯಲ್ಲ. ದಪ್ಪವನ್ನು ಒತ್ತುವ ಹಲಗೆಯ ಸ್ಥಾನದಿಂದ ತಿಳಿಯುತ್ತಾರೆ. ಹಲಗೆ ಸ್ವಲ್ಪ ಬಾಗಿದ್ದರೂ ಓದು ಕೆಲವು ಮಿಲಿಮೀಟರ್ ತಪ್ಪುತ್ತದೆ. ದಶಾಂಶದ ನಂತರ ಎರಡು ಅಂಕಿ ತೋರಿಸುವ ಪರದೆಗೆ ಅಷ್ಟು ಖಚಿತತೆ ನಿಜವಾಗಿ ಇರುವುದಿಲ್ಲ.

ತಪಾಸಣೆಯಲ್ಲಿ ಪ್ರತಿ ಸ್ತನಕ್ಕೆ ಎರಡು ಚಿತ್ರ: ಮೇಲಿನಿಂದ ಕೆಳಕ್ಕೆ ಒಂದು, ಓರೆಯಾಗಿ ಒಂದು. ಎರಡೂ ಅದೇ ಸ್ತನದ ಮೇಲೆ ಬೀಳುವುದರಿಂದ ಅವನ್ನು ಕೂಡಬೇಕು. ಆದರೆ ಎಡ ಬಲ ಸ್ತನಗಳದನ್ನು ಕೂಡುವಂತಿಲ್ಲ. ಪ್ರಮಾಣವೆಂದರೆ ಕಿಲೋಗ್ರಾಮಿಗೆ ಇಷ್ಟು ಎಂಬ ಲೆಕ್ಕ. ಎರಡು ಲೋಟ ಕಾಫಿಗೂ ಒಂದೊಂದು ಚಮಚ ಸಕ್ಕರೆ ಹಾಕಿದರೆ ಸಿಹಿ ಇಮ್ಮಡಿಸುವುದಿಲ್ಲ. ಎರಡೂ ಸ್ತನಕ್ಕೆ ತಲಾ 3 ಮಿಲಿಗ್ರೇ ಬಿದ್ದಿದ್ದರೆ ಉತ್ತರ 3, 6 ಅಲ್ಲ. ಪತ್ರಿಕೆಗಳ ಆರೋಗ್ಯ ಪುಟಗಳಲ್ಲಿ ಈ ತಪ್ಪು ನುಸುಳಿದರೆ ಗುರುತಿಸುವುದು ಕಷ್ಟ.

ಮಿತಿಗಳು

ಅಮೆರಿಕದಲ್ಲಿ 1992ರ ಮ್ಯಾಮೊಗ್ರಫಿ ಗುಣಮಟ್ಟ ಕಾಯಿದೆಯ ಅಡಿಯ ನಿಯಮಗಳಂತೆ, 4.2 ಸೆಂ.ಮೀ. ದಪ್ಪದ ಅರ್ಧ ಗ್ರಂಥಿ ಸ್ತನಕ್ಕೆ ಸಮನಾದ ಫ್ಯಾಂಟಮಿನಲ್ಲಿ ಒಂದು ಚಿತ್ರಕ್ಕೆ 3 ಮಿಲಿಗ್ರೇ ಮೀರಬಾರದು. ಯುರೋಪಿನ ಮಾರ್ಗಸೂಚಿ ಒಂದೇ ಮಿತಿಗೆ ನಿಲ್ಲದೆ ದಪ್ಪಕ್ಕೆ ತಕ್ಕಂತೆ ಏಳು ಮಿತಿಗಳನ್ನು ಹೇಳುತ್ತದೆ: 20 ಮಿ.ಮೀ. ಪ್ಲಾಸ್ಟಿಕ್ಕಿಗೆ 1 ಮಿಲಿಗ್ರೇ, 45ಕ್ಕೆ 2.5, 70ಕ್ಕೆ 6.5. ಎರಡರಲ್ಲಿ ಯುರೋಪಿನದೇ ಉತ್ತಮ ಕ್ರಮವೆನ್ನಬೇಕು. ಸರಾಸರಿ ದಪ್ಪದಲ್ಲಿ ಚೆನ್ನಾಗಿ ನಡೆಯುವ ಯಂತ್ರ ದಪ್ಪ ಸ್ತನದಲ್ಲಿ ಎಡವುವುದನ್ನು ಒಂದೇ ಫ್ಯಾಂಟಮ್ ಹಿಡಿಯದು. ಇವು ರೋಗಿಗೆ ಹಾಕಿದ ಮಿತಿಗಳಲ್ಲ, ಯಂತ್ರದ ನಡತೆಗೆ ಹಾಕಿದವು. ಒಬ್ಬರ ಚಿತ್ರದಲ್ಲಿ 4 ಮಿಲಿಗ್ರೇ ಬಂದರೆ ನಿಯಮ ಮುರಿದಂತಲ್ಲ.

ಫಿಲ್ಮಿನಿಂದ ಡಿಜಿಟಲ್ಲಿಗೆ ಬಂದಾಗ ಪ್ರಮಾಣ ಇಳಿಯಿತು. ಉತ್ತರ ಅಮೆರಿಕದ ದೊಡ್ಡ ಹೋಲಿಕೆಯೊಂದರಲ್ಲಿ ಒಂದು ಚಿತ್ರದ ಸರಾಸರಿ ಫಿಲ್ಮಿಗೆ 2.37, ಡಿಜಿಟಲ್ಲಿಗೆ 1.86 ಮಿಲಿಗ್ರೇ ಇತ್ತು. 2011ರಲ್ಲಿ ಅಮೆರಿಕದ ಮಂಜೂರಾತಿ ಪಡೆದ ಟೊಮೊಸಿಂಥೆಸಿಸ್‌ನಲ್ಲಿ ಕೊಳವೆ ಕಮಾನಿನಂತೆ ಚಲಿಸುತ್ತ ಹಲವು ಕೋನಗಳಿಂದ ಚಿತ್ರ ತೆಗೆಯುತ್ತದೆ. ಇದಕ್ಕಾಗಿ ಡ್ಯಾನ್ಸ್ ಸೂತ್ರಕ್ಕೆ ಇನ್ನೊಂದು ತಿದ್ದುಪಡಿ ಅಂಕ ಸೇರಿತು. ಇದರೊಂದಿಗೆ ಸಾಮಾನ್ಯ ಚಿತ್ರವನ್ನೂ ತೆಗೆದರೆ ಪ್ರಮಾಣ ಹೆಚ್ಚುಕಡಿಮೆ ಇಮ್ಮಡಿ. ಅದನ್ನು ತಪ್ಪಿಸಲು ಟೊಮೊ ಮಾಹಿತಿಯಿಂದಲೇ ಕಂಪ್ಯೂಟರಿನಲ್ಲಿ ಸಾಮಾನ್ಯ ಚಿತ್ರವನ್ನು ರಚಿಸಿಕೊಳ್ಳುವ ತಂತ್ರ ಬಂದಿದೆ.

ಪ್ರಮಾಣದಿಂದ ಅಪಾಯಕ್ಕೆ

ಸ್ತನ ವಿಕಿರಣಕ್ಕೆ ಸಂವೇದನಾಶೀಲ ಎಂಬುದಕ್ಕೆ ಎರಡು ಕಹಿ ಆಧಾರಗಳಿವೆ. ಒಂದು ಹಿರೋಶಿಮಾ, ನಾಗಸಾಕಿಗಳಲ್ಲಿ ಬದುಕುಳಿದ ಮಹಿಳೆಯರು. ಇನ್ನೊಂದು ಕ್ಷಯರೋಗಕ್ಕೆ ಚಿಕಿತ್ಸೆ ಪಡೆಯುವಾಗ ಪದೇ ಪದೇ ಫ್ಲೋರೋಸ್ಕೋಪಿಗೆ ಒಳಗಾದ ಮಹಿಳೆಯರು. ಕೆನಡಾದ ನೋವಾ ಸ್ಕೋಷಿಯಾದಲ್ಲಿ ಇಂಥವರಲ್ಲಿ ಸ್ತನ ಕ್ಯಾನ್ಸರ್ ಹೆಚ್ಚಿರುವುದನ್ನು ಇಯಾನ್ ಮೆಕೆಂಜಿ 1965ರಲ್ಲಿ ವರದಿ ಮಾಡಿದರು. ಇವರಲ್ಲಿ ಅನೇಕರಿಗೆ ಬಿದ್ದ ಪ್ರಮಾಣ ಒಂದು ಮ್ಯಾಮೊಗ್ರಾಮಿಗಿಂತ ಬಹಳ ಹೆಚ್ಚು. ಅಷ್ಟು ಮೇಲಿನಿಂದ ಕೆಲವೇ ಮಿಲಿಗ್ರೇಗೆ ನೇರ ಗೆರೆ ಎಳೆದು ಅಪಾಯವನ್ನು ಅಂದಾಜಿಸುತ್ತಾರೆ. ಹರೆಯದಲ್ಲಿ ಬಿದ್ದ ವಿಕಿರಣದ ಅಪಾಯ ಹೆಚ್ಚು, ಐವತ್ತು ದಾಟಿದ ಮೇಲೆ ತೀರ ಕಡಿಮೆ.

ಇಡೀ ದೇಹಕ್ಕೆ ಹೊಂದಿಸಿ ಹೇಳುವ ಪರಿಣಾಮಕಾರಿ ಪ್ರಮಾಣದ ಪಾಡೂ ವಿಚಿತ್ರ. ಸ್ತನಕ್ಕೆ ಕೊಡುವ ತೂಕಾಂಕವನ್ನು ಅಂತರರಾಷ್ಟ್ರೀಯ ಆಯೋಗ 1977ರಲ್ಲಿ 0.15, 1990ರಲ್ಲಿ 0.05, 2007ರಲ್ಲಿ 0.12 ಎಂದು ಬದಲಿಸಿತು. 3 ಮಿಲಿಗ್ರೇ ಪಡೆದ ಅದೇ ತಪಾಸಣೆ ಹೀಗೆ 0.45, 0.15, 0.36 ಮಿಲಿಸೀವರ್ಟ್ ಆಗುತ್ತ ಬಂತು. ಕೊನೆಯ ಅಂಕಿಯನ್ನೇ ಹಿಡಿದರೆ ಇದು ಪ್ರಕೃತಿಯಿಂದ ಜಗತ್ತಿನಲ್ಲಿ ಸರಾಸರಿ ಒಬ್ಬರಿಗೆ ವರ್ಷಕ್ಕೆ ಬೀಳುವ 2.4 ಮಿಲಿಸೀವರ್ಟಿನ ಆರರಲ್ಲೊಂದು ಪಾಲೂ ಅಲ್ಲ. ಈ ತೂಕಾಂಕ ಗಂಡು ಹೆಣ್ಣುಗಳ ಸರಾಸರಿಗೆ ಮಾಡಿದ್ದು. ಬಹುಮಟ್ಟಿಗೆ ಮಹಿಳೆಯರೇ ಮಾಡಿಸಿಕೊಳ್ಳುವ ಪರೀಕ್ಷೆಗೆ ಇದನ್ನು ಬಳಸುವುದು ಅಷ್ಟೇನೂ ಸರಿಹೊಂದದು.

ಲಾಭದೊಂದಿಗೆ ತೂಗಿ ನೋಡಿದ ಲೆಕ್ಕಗಳಲ್ಲಿ 2016ರ ಅಮೆರಿಕದ ಮಾದರಿಯೊಂದು ಹೆಸರಾಗಿದೆ. 40ರಿಂದ 74ರ ವರೆಗೆ ಪ್ರತಿವರ್ಷ ತಪಾಸಣೆಗೊಳಗಾಗುವ ಒಂದು ಲಕ್ಷ ಮಹಿಳೆಯರಲ್ಲಿ ವಿಕಿರಣದಿಂದ 125 ಕ್ಯಾನ್ಸರ್, 16 ಸಾವು ಸಂಭವಿಸಬಹುದು, 968 ಸಾವು ತಪ್ಪಬಹುದು ಎಂದು ಅದು ಅಂದಾಜಿಸಿತು. ಚಿತ್ರದ ಚೌಕಟ್ಟಿಗೆ ಹಿಡಿಸದೆ ಹೆಚ್ಚುವರಿ ಚಿತ್ರಗಳು ಬೇಕಾಗುವ ದೊಡ್ಡ ಸ್ತನದವರಲ್ಲಿ ಅಪಾಯ ಇದಕ್ಕಿಂತ ಹೆಚ್ಚೆಂದೂ ಅದು ಗಮನಿಸಿತು.

ಭಾರತದಲ್ಲಿ

2022ರಲ್ಲಿ ಭಾರತದಲ್ಲಿ ಸುಮಾರು 1,92,000 ಮಹಿಳೆಯರಿಗೆ ಸ್ತನ ಕ್ಯಾನ್ಸರ್ ಹೊಸದಾಗಿ ಪತ್ತೆಯಾಯಿತೆಂದು ಅಂತರರಾಷ್ಟ್ರೀಯ ಅಂದಾಜು. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1980ರ ದಶಕದ ಆರಂಭದಿಂದ ನಡೆಸುತ್ತಿರುವ ನೋಂದಣಿಯಲ್ಲಿ ಮೊದಲು ಗರ್ಭಕೊರಳಿನ ಕ್ಯಾನ್ಸರ್ ಮುಂದಿತ್ತು. ಈಗ ಮಹಿಳೆಯರಲ್ಲಿ ಸ್ತನದ್ದೇ ಮೊದಲ ಸ್ಥಾನ. ಆದರೂ ಇಲ್ಲಿ ಬ್ರಿಟನ್ನಿನಂತೆ ಮನೆಗೆ ಕಾಗದ ಕಳಿಸಿ ಕರೆಯುವ ಮ್ಯಾಮೊಗ್ರಫಿ ಕಾರ್ಯಕ್ರಮ ಇಲ್ಲ. ರಾಷ್ಟ್ರೀಯ ಕಾರ್ಯಕ್ರಮ 30ರಿಂದ 65ರ ವಯಸ್ಸಿನವರಿಗೆ ತರಬೇತಿ ಪಡೆದ ಸಿಬ್ಬಂದಿ ಕೈಯಿಂದ ಮಾಡುವ ಪರೀಕ್ಷೆಯನ್ನು ನೆಚ್ಚಿಕೊಂಡಿದೆ. ಮುಂಬಯಿಯಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ ಒಂದೂವರೆ ಲಕ್ಷ ಮಹಿಳೆಯರಲ್ಲಿ ನಡೆಸಿ 2021ರಲ್ಲಿ ಪ್ರಕಟಿಸಿದ ದೀರ್ಘ ಅಧ್ಯಯನ, ಐವತ್ತು ದಾಟಿದವರಲ್ಲಿ ಈ ಪರೀಕ್ಷೆಯಿಂದ ಸಾವು ಸುಮಾರು ನೂರಕ್ಕೆ 30ರಷ್ಟು ಕಡಿಮೆಯಾದುದನ್ನು ತೋರಿಸಿತು. ಅದರಲ್ಲಿ ವಿಕಿರಣವೇ ಇಲ್ಲ.

ಹೀಗಾಗಿ ನಮ್ಮಲ್ಲಿ ಮ್ಯಾಮೊಗ್ರಾಂ ಎಂದರೆ ಬಹುಮಟ್ಟಿಗೆ ಗಂಟು ಕಂಡ ಮೇಲೆ, ಅಥವಾ ಆಸ್ಪತ್ರೆಗಳ ಆರೋಗ್ಯ ತಪಾಸಣಾ ಪ್ಯಾಕೇಜಿನ ಭಾಗವಾಗಿ ಮಾಡಿಸಿಕೊಳ್ಳುವುದು. ಇಲ್ಲಿ ರೋಗ ಪತ್ತೆಯಾಗುವ ವಯಸ್ಸು ಪಶ್ಚಿಮಕ್ಕಿಂತ ಸುಮಾರು ಒಂದು ದಶಕ ಕಡಿಮೆ. ಕಿರಿಯರ ಸ್ತನದಲ್ಲಿ ಗ್ರಂಥಿ ಹೆಚ್ಚು. ಆದರೆ ಡ್ಯಾನ್ಸ್ ಕ್ರಮದಲ್ಲಿ ಬಳಸುವ, ವಯಸ್ಸಿಗೆ ತಕ್ಕ ಗ್ರಂಥಿಯ ಪಾಲು ಬ್ರಿಟನ್ನಿನ ಮಹಿಳೆಯರಿಂದ, ಅದೂ 40ರಿಂದ 64ರ ವಯಸ್ಸಿನವರಿಂದ ಬಂದದ್ದು. ಯಂತ್ರಗಳನ್ನು ಹೋಲಿಸಲು ಇದರಿಂದ ತೊಂದರೆಯಿಲ್ಲ. ಮೂವತ್ತೈದರ ಭಾರತೀಯ ಮಹಿಳೆಯೊಬ್ಬರಿಗೆ ಇಷ್ಟೇ ಬಿತ್ತೆಂದು ಹೇಳಲು ಮಾತ್ರ ಇದು ಸಾಲದು.

ಎಕ್ಸ್-ರೇ ಯಂತ್ರಗಳ ಮೇಲ್ವಿಚಾರಣೆ 1983ರಲ್ಲಿ ಸ್ಥಾಪನೆಯಾದ ಅಣುಶಕ್ತಿ ನಿಯಂತ್ರಣ ಮಂಡಳಿಯದು. 2004ರ ವಿಕಿರಣ ರಕ್ಷಣಾ ನಿಯಮಗಳು ಇದಕ್ಕೆ ಕಾನೂನಿನ ಬಲ. ಮಂಡಳಿಯ ಅನುಮತಿ ಇಲ್ಲದೆ ಮ್ಯಾಮೊಗ್ರಫಿ ಯಂತ್ರ ನಡೆಸುವಂತಿಲ್ಲ, ನಿಗದಿತ ಅವಧಿಗೊಮ್ಮೆ ಗುಣಮಟ್ಟ ಪರೀಕ್ಷೆಯನ್ನೂ ಮಾಡಿಸಬೇಕು. ತಂತ್ರಜ್ಞರ ಎದೆಯ ಮೇಲಿನ ಟಿಎಲ್‌ಡಿ ಬ್ಯಾಡ್ಜು ಅಳೆಯುವುದು ಸಿಬ್ಬಂದಿಗೆ ಬಿದ್ದ ವಿಕಿರಣವನ್ನು. ರೋಗಿಯ ಪ್ರಮಾಣಕ್ಕೂ ಅದಕ್ಕೂ ಸಂಬಂಧವಿಲ್ಲ. ಪರೀಕ್ಷೆಗೆ ಹೋಗುವವರು ಕೇಂದ್ರದ ಅನುಮತಿ ಪತ್ರ ಮತ್ತು ಕೊನೆಯ ಗುಣಮಟ್ಟ ಪರೀಕ್ಷೆಯ ದಿನಾಂಕ ಕೇಳಿ ನೋಡಲಿ. ಹಳೆಯ ಚಿತ್ರಗಳ ಸಿ.ಡಿ. ಅಥವಾ ಫಿಲ್ಮು ಇದ್ದರೆ ಜೊತೆಯಲ್ಲಿ ಒಯ್ಯಲಿ. ಹೋಲಿಸಲು ಹಳೆಯದು ಕೈಯಲ್ಲಿದ್ದರೆ ಎಷ್ಟೋ ಸಲ ಹೆಚ್ಚುವರಿ ಚಿತ್ರ ತೆಗೆಯುವುದೇ ತಪ್ಪುತ್ತದೆ.